ಹೂಳಿನ ಲೆಕ್ಕವೂ ಇತಿಹಾಸದ ಲೆಕ್ಕವೂ: ರಾಜಸ್ಥಾನದ ಸರೋವರಗಳ ಪರಾಗಸಾಕ್ಷ್ಯವನ್ನು ಕುರಿತು

ಸಿಂಧೂ ನಾಗರಿಕತೆಯ ಅವನತಿಗೆ ಕಾರಣಗಳೇನೆಂಬ ಪ್ರಶ್ನೆಗೆ ನಮ್ಮ ಕಾಲೇಜುಗಳ ಉತ್ತರಪತ್ರಿಕೆಗಳಲ್ಲಿ ನಾಲ್ಕೈದು ಕಾರಣಗಳು ಸಾಲಾಗಿ ಬರುವುದು ವಾಡಿಕೆ. ಆರ್ಯರ ದಾಳಿ, ಮಹಾಪೂರ, ನದಿಗಳು ಪಾತ್ರ ಬದಲಿಸಿದ್ದು, ವಾಣಿಜ್ಯದ ಕುಸಿತ, ಕೊನೆಯದಾಗಿ ಮಳೆಯ ಅಭಾವ. ಈ ಕೊನೆಯ ಕಾರಣವನ್ನು ಬರೆಯುವಾಗ ವಿದ್ಯಾರ್ಥಿಯ ಲೇಖನಿಗೆ ಹೆಚ್ಚಿನ ಧೈರ್ಯ ಬಂದಿರುತ್ತದೆ. ಉಳಿದವು ಪಂಡಿತರ ಊಹೆಗಳು, ಇದಾದರೋ ವಿಜ್ಞಾನಿಗಳು ಸರೋವರದ ಕೆಸರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸಿ ಹೇಳಿದ ಮಾತು ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಲೇಖಕನೂ ಆರು ವರ್ಷಗಳ ಕಾಲ ಅದೇ ಟಿಪ್ಪಣಿಯನ್ನು ಬರೆಯಿಸಿದ್ದುಂಟು. ಒಮ್ಮೆ ದ್ವಿತೀಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, "ಸಾರ್, ನಗರಗಳು ಕ್ರಿ. ಪೂ. ೧೯೦೦ರಲ್ಲಿ ಕ್ಷೀಣಿಸಿದುವೆಂದು ಈ ಪುಟದಲ್ಲಿದೆ. ಮಳೆ ಕಡಮೆಯಾದದ್ದು ಕ್ರಿ. ಪೂ. ೧೮೦೦ರಲ್ಲಿ ಎಂದು ಮುಂದಿನ ಪುಟದಲ್ಲಿದೆ. ಕಾರಣವು ಕಾರ್ಯಕ್ಕಿಂತ ನೂರು ವರ್ಷ ತಡವಾಗಿ ಬರಬಹುದೆ?" ಎಂದು ಕೇಳಿದಳು. ಆ ದಿನ ಸಮರ್ಪಕವಾದ ಉತ್ತರ ನನ್ನಲ್ಲಿರಲಿಲ್ಲ. ಅದನ್ನು ಹುಡುಕುತ್ತ ಮೂಲಲೇಖನಗಳಿಗೆ ಹೋದುದರ ಫಲವೇ ಈ ವಿಮರ್ಶೆ.

ಹವಾಮಾನದ ವಾದ ಹೊಸದೇನೂ ಅಲ್ಲ. ಮೊಹೆಂಜೊದಾರೊ ಉತ್ಖನನದ ವರದಿಯನ್ನು ೧೯೩೧ರಲ್ಲಿ ಹೊರತಂದ ಸರ್ ಜಾನ್ ಮಾರ್ಷಲ್ ಅವರು ಆ ಕಾಲದ ಸಿಂಧ್ ಇಂದಿನಂತೆ ಒಣನಾಡಾಗಿರಲಿಲ್ಲವೆಂದು ಭಾವಿಸಿದ್ದರು. ಹಸಿ ಇಟ್ಟಿಗೆಗೆ ಬದಲು ಸುಟ್ಟ ಇಟ್ಟಿಗೆಯ ಬಳಕೆ, ಬೀದಿಗಳ ಚರಂಡಿಗಳು, ಮುದ್ರೆಗಳ ಮೇಲಿರುವ ಆನೆ, ಹುಲಿ, ಖಡ್ಗಮೃಗಗಳ ಚಿತ್ರಗಳು ಅವರ ಆಧಾರಗಳು. ೧೯೬೧ರಲ್ಲಿ ರಾಬರ್ಟ್ ರೈಕ್ಸ್ ಮತ್ತು ರಾಬರ್ಟ್ ಡೈಸನ್ ಎಂಬ ಇಬ್ಬರು ವಿದ್ವಾಂಸರು ಈ ಆಧಾರಗಳನ್ನು ಒಂದೊಂದಾಗಿ ತೂಗಿನೋಡಿ, ಯಾವುದೂ ನಿಲ್ಲತಕ್ಕುದಲ್ಲವೆಂದು ತೋರಿಸಿದರು. ಚರಂಡಿ ಮನೆಯ ಬಚ್ಚಲ ನೀರಿಗೂ ಬೇಕು. ಇಟ್ಟಿಗೆ ಸುಡುವ ಸೌದೆ ನದೀತೀರದ ಕುರುಚಲಿನಿಂದಲೂ ದೊರಕೀತು. ಖಡ್ಗಮೃಗಕ್ಕೆ ಬೇಕಾದದ್ದು ಹೊಳೆಯಂಚಿನ ಎತ್ತರದ ಹುಲ್ಲೇ ಹೊರತು ನಾಡೆಲ್ಲ ಸುರಿಯುವ ಮಳೆಯಲ್ಲ. ವಾದ ಇಲ್ಲಿಗೆ ಮುಗಿಯಿತೆಂದು ತೋರುತ್ತಿದ್ದಾಗ, ಹತ್ತು ವರ್ಷಗಳ ಅನಂತರ, ಅದಕ್ಕೆ ಪುನಃ ಜೀವ ಕೊಟ್ಟವರು ಸಸ್ಯವಿಜ್ಞಾನಿ ಗುರದೀಪ್ ಸಿಂಗ್.

ಸಿಂಗ್ ಅವರು ಲಖನೌದ ಬೀರಬಲ್ ಸಾಹನಿ ಸಂಸ್ಥೆಯಲ್ಲಿ ಕೆಲಸ ಮಾಡಿ, ಅನಂತರ ಆಸ್ಟ್ರೇಲಿಯಕ್ಕೆ ಹೋದವರು. ರಾಜಸ್ಥಾನದ ಸಾಂಭರ್, ಡೀಡವಾಣಾ, ಲೂಣಕರಣಸರ್ ಎಂಬ ಮೂರು ಉಪ್ಪುನೀರಿನ ಸರೋವರಗಳಲ್ಲಿಯೂ ಪುಷ್ಕರದ ಸಿಹಿನೀರಿನ ಸರೋವರದಲ್ಲಿಯೂ ತಳದ ಹೂಳನ್ನು ಪದರಪದರವಾಗಿ ಸಂಗ್ರಹಿಸಿ, ಅದರಲ್ಲಿ ಹುದುಗಿದ್ದ ಪರಾಗಕಣಗಳನ್ನು ಗುರುತಿಸಿ ಎಣಿಸಿದರು. ೧೯೭೧ರಲ್ಲಿ ಸಿಂಧೂ ಸಂಸ್ಕೃತಿಯನ್ನು ಕುರಿತ ಅವರ ಲೇಖನ ಹೊರಬಂದಿತು. ಮೂವರು ಸಹೋದ್ಯೋಗಿಗಳೊಡನೆ ಬರೆದ ವಿಸ್ತಾರವಾದ ಪ್ರಬಂಧವನ್ನು ೧೯೭೪ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಪ್ರಕಟಿಸಿತು. ಅವರ ನಿರ್ಣಯಗಳನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಮರಳುದಿಬ್ಬಗಳ ಚಲನೆ ನಿಂತು ಸರೋವರಗಳು ತುಂಬಿದುವು. ಕ್ರಿ. ಪೂ. ೭೫೦೦ರ ಸುಮಾರಿಗೆ ಇದ್ದಲಿನ ಸಣ್ಣ ಚೂರುಗಳೂ ಧಾನ್ಯದ ಪರಾಗವನ್ನು ಹೋಲುವ ಕಣಗಳೂ ಕಾಣಿಸಿಕೊಂಡುವು. ಕ್ರಿ. ಪೂ. ೩೦೦೦ದಿಂದ ೧೮೦೦ರ ವರೆಗೆ ಮಳೆ ಹೆಚ್ಚಿತು. ಸಿಂಧೂ ನಗರಗಳು ಬೆಳೆದದ್ದು ಆಗಲೇ. ೧೮೦೦ರ ಅನಂತರ ಶುಷ್ಕತೆ ಬಂದಿತು. ನಗರಗಳು ಅಳಿದದ್ದೂ ಆಗಲೇ.

ಈ ನಿರ್ಣಯಗಳ ಬೆಲೆ ಕಟ್ಟಬೇಕಾದರೆ ಇವು ಹುಟ್ಟುವ ಸ್ಥಳವಾದ ಗಾಜಿನ ಸ್ಲೈಡನ್ನು ಮೊದಲು ತಿಳಿಯಬೇಕು. ಇತಿಹಾಸದ ವಿದ್ಯಾರ್ಥಿಗಳು ತಾಮ್ರಶಾಸನದ ಲಿಪಿಯನ್ನು ಪರೀಕ್ಷಿಸುವಷ್ಟು ಶ್ರದ್ಧೆಯಿಂದ ಇದನ್ನು ಪರೀಕ್ಷಿಸುವುದಿಲ್ಲವೆಂಬುದು ವಿಷಾದದ ಸಂಗತಿ. ಈ ವಿದ್ಯೆಗೆ ಇಂದಿನ ರೂಪವನ್ನು ಕೊಟ್ಟವರು ಸ್ವೀಡನ್ನಿನ ಭೂವಿಜ್ಞಾನಿ ಲೆನಾರ್ಟ್ ಫಾನ್ ಪೋಸ್ಟ್. ೧೯೧೬ರಲ್ಲಿ ಕ್ರಿಸ್ಟಿಯಾನಿಯಾ ನಗರದಲ್ಲಿ (ಇಂದಿನ ಓಸ್ಲೊ) ಸೇರಿದ್ದ ವಿಜ್ಞಾನಿಗಳ ಸಭೆಯಲ್ಲಿ ಅವರು ಜೌಗುನೆಲದ ಪದರಗಳಲ್ಲಿನ ಪರಾಗದ ಶೇಕಡಾವಾರು ಲೆಕ್ಕವನ್ನು ಮಂಡಿಸಿದರು. ಹೂವಿನ ಪರಾಗಕಣ ಗಾತ್ರದಲ್ಲಿ ಅತ್ಯಲ್ಪ. ಬಹುಪಾಲು ಕಣಗಳು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೂ ಇರುವುದಿಲ್ಲ. ಆದರೆ ಅದರ ಹೊರಕವಚ ಆಮ್ಲಕ್ಕೂ ಜಗ್ಗದಷ್ಟು ಗಟ್ಟಿ, ಮತ್ತು ಕುಲಕುಲಕ್ಕೂ ಅದರ ಮೇಲಿನ ಕೆತ್ತನೆ ಬೇರೆ. ಕೆಸರಿನ ಸ್ವಲ್ಪ ಭಾಗವನ್ನು ತೆಗೆದುಕೊಂಡು, ಕ್ಷಾರದಲ್ಲಿ ಕುದಿಸಿ, ಹೈಡ್ರೊಫ್ಲೂರಿಕ್ ಆಮ್ಲದಿಂದ ಮರಳನ್ನು ಕರಗಿಸಿ, ಬೇರೆ ಆಮ್ಲಗಳಿಂದ ಸಸ್ಯದ ನಾರನ್ನು ಕಳೆದರೆ ಉಳಿಯುವುದು ಪರಾಗ, ಮತ್ತು ಒಂದಿಷ್ಟು ಇದ್ದಲಿನ ಪುಡಿ. ಅದರ ಒಂದು ಹನಿಯನ್ನು ಸ್ಲೈಡಿನ ಮೇಲಿಟ್ಟು, ತೆಳುಗಾಜನ್ನು ಮುಚ್ಚಿ, ಸುಮಾರು ನಾನೂರು ಪಟ್ಟು ಹಿಗ್ಗಿಸಿ, ಗೆರೆ ಎಳೆದಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತ ಎಣಿಸಬೇಕು.

ಹೇಳುವುದಕ್ಕೆ ಇದು ಸುಲಭ. ಸಸ್ಯಶಾಸ್ತ್ರ ವಿಭಾಗದ ಮಿತ್ರರೊಬ್ಬರ ಕೃಪೆಯಿಂದ ಅಂಥ ಒಂದು ಸ್ಲೈಡನ್ನು ಒಂದು ಮಧ್ಯಾಹ್ನವೆಲ್ಲ ನಾನು ಎಣಿಸಿದೆ. ಮರುದಿನ ಅದೇ ಸ್ಲೈಡನ್ನು, ಹಿಂದಿನ ದಿನದ ಕಾಗದವನ್ನು ನೋಡದೆ, ಮತ್ತೆ ಎಣಿಸಿದೆ. ಎರಡು ಲೆಕ್ಕಗಳೂ ಕೂಡಲಿಲ್ಲ. ಸುಕ್ಕಿದ ಕಣವನ್ನು ಮೊದಲ ದಿನ ಹುಲ್ಲೆಂದು ಬರೆದಿದ್ದವನು ಎರಡನೆಯ ದಿನ 'ಗುರುತಿಲ್ಲ' ಎಂದು ಬರೆದಿದ್ದೆ. ಒಡೆದ ಅರ್ಧ ಕಣವನ್ನು ಒಮ್ಮೆ ಸೇರಿಸಿದ್ದೆ, ಒಮ್ಮೆ ಬಿಟ್ಟಿದ್ದೆ. ಸಣ್ಣ ಕಣಗಳು ತೆಳುಗಾಜಿನ ಅಂಚಿನ ಕಡೆಗೆ ತೇಲಿಹೋಗುವುದರಿಂದ ನಡುಭಾಗವನ್ನಷ್ಟೇ ನೋಡಿದವನ ಲೆಕ್ಕಕ್ಕೂ ಅಂಚನ್ನು ನೋಡಿದವನ ಲೆಕ್ಕಕ್ಕೂ ಅಂತರ ಬರುತ್ತದೆಂದು ಮಿತ್ರರು ನಕ್ಕು ಹೇಳಿದರು. ನಾನು ನೋಡಿದ್ದು ನಡುಭಾಗವನ್ನೇ. ಅನುಭವಶಾಲಿಯಾದ ತಜ್ಞನಿಗೂ ಹೊಸಬನಿಗೂ ಹೋಲಿಕೆ ಸಲ್ಲದು, ನಿಜ. ಆದರೂ ಲೇಖನದ ನಕ್ಷೆಯಲ್ಲಿ ನೇರವಾಗಿ ಕಾಣುವ ಕಪ್ಪು ಪಟ್ಟಿಯ ಹಿಂದೆ ಒಬ್ಬ ಮನುಷ್ಯನ ಕಣ್ಣೂ ಅವನ ನಿರ್ಧಾರವೂ ಇರುತ್ತವೆಂಬುದನ್ನು ತಿಳಿಯಲು ಆ ಎರಡು ಮಧ್ಯಾಹ್ನಗಳು ಸಾಕಾದುವು.

ಎಣಿಕೆಯಾದ ಮೇಲೆ ಲೆಕ್ಕದ ಕಷ್ಟ ತಲೆದೋರುತ್ತದೆ. ಫಾನ್ ಪೋಸ್ಟರ ಪದ್ಧತಿ ಶೇಕಡಾವಾರು ಪದ್ಧತಿ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮುನ್ನೂರು ಕಣಗಳಲ್ಲಿ ಹುಲ್ಲಿನವು ೧೫೦, ತುಂಗೆಯ ಜಾತಿಯವು ೬೦, ಇತರ ೯೦ ಇವೆ. ಹುಲ್ಲಿನ ಪಾಲು ಶೇಕಡಾ ೫೦. ಮೇಲಿನ ಪದರದಲ್ಲಿ ಹುಲ್ಲು ಅದೇ ೧೫೦, ಇತರ ಅದೇ ೯೦, ಆದರೆ ಸರೋವರದ ಅಂಚಿನಲ್ಲಿ ತುಂಗೆ ಹಬ್ಬಿ ಅದರ ಕಣಗಳು ೨೬೦ ಆಗಿವೆ ಎನ್ನೋಣ. ಒಟ್ಟು ೫೦೦. ಹುಲ್ಲಿನ ಪಾಲು ಶೇಕಡಾ ೩೦ಕ್ಕೆ ಇಳಿಯಿತು. ಬಯಲಿನಲ್ಲಿ ಒಂದು ಹುಲ್ಲುಕಡ್ಡಿಯೂ ಕಡಮೆಯಾಗಿಲ್ಲ, ಕಾಗದದ ಮೇಲೆ ಮಾತ್ರ ಹುಲ್ಲುಗಾವಲು ಕುಗ್ಗಿದೆ. ಈ ದೋಷವನ್ನು ಪರಿಹರಿಸುವ ಉಪಾಯ ತಜ್ಞರಿಗೆ ತಿಳಿಯದ್ದೇನಲ್ಲ. ಆ ಕೆಸರಿನಲ್ಲಿ ಇರಲಾರದಂಥ ಪರಕೀಯ ಕಣಗಳನ್ನು ತಿಳಿದ ಸಂಖ್ಯೆಯಲ್ಲಿ ಮೊದಲೇ ಬೆರಸಿ, ಅವನ್ನೂ ಜೊತೆಯಲ್ಲಿ ಎಣಿಸುವುದು ಆ ಉಪಾಯ. ೧೯೭೧ರಲ್ಲಿ ಡೆನ್ಮಾರ್ಕಿನ ಸ್ಟಾಕ್‌ಮಾರ್ ಅವರು ಲೈಕೊಪೋಡಿಯಮ್ ಎಂಬ ಸಸ್ಯದ ಬೀಜಕಣಗಳನ್ನು ಗುಳಿಗೆಯಾಗಿ ಮಾಡಿ ಈ ಕ್ರಮವನ್ನು ಸುಲಭಗೊಳಿಸಿದರು. ಒಂದು ಘನ ಸೆಂಟಿಮೀಟರು ಕೆಸರಿಗೆ ೧೨,೦೦೦ ಬೀಜಕಣಗಳನ್ನು ಬೆರಸಿ, ಎಣಿಸುವಾಗ ಅವು ೧೦೦ ಸಿಕ್ಕು ಪರಾಗ ೨೫೦ ಸಿಕ್ಕಿದರೆ, ಆ ಕೆಸರಿನಲ್ಲಿ ೩೦,೦೦೦ ಪರಾಗಕಣಗಳಿದ್ದುವೆಂದಾಯಿತು. ಹೂಳು ವರ್ಷಕ್ಕೆ ಒಂದು ಮಿಲಿಮೀಟರಿನಂತೆ ತುಂಬಿದ್ದರೆ ಚದರ ಸೆಂಟಿಮೀಟರಿಗೆ ವರ್ಷಕ್ಕೆ ೩,೦೦೦ ಕಣಗಳು ಬಿದ್ದುವು. ಇದು ಅಂಕಗಣಿತ. ಇದರಲ್ಲಿ ವಿವಾದವಿಲ್ಲ. ಆದರೆ 'ತುಂಬಿದ್ದರೆ' ಎಂಬ ಮಾತಿನ ಮೇಲೆ ಎಲ್ಲವೂ ನಿಂತಿದೆ, ಮತ್ತು ಹೂಳು ತುಂಬಿದ ವೇಗವನ್ನು ಸ್ಲೈಡು ಹೇಳುವುದಿಲ್ಲ. ಅದನ್ನು ಕಾಲನಿರ್ಣಯದಿಂದ ಎರವಲು ತರಬೇಕು.

ಇನ್ನು ಸಣ್ಣ ಸಂಖ್ಯೆಗಳ ವಿಚಾರ. ಮುನ್ನೂರರಲ್ಲಿ ಮೂವತ್ತು ಕಣಗಳು ಒಂದು ಸಸ್ಯದವಾಗಿದ್ದರೆ ಶೇಕಡಾ ೧೦ ಎನ್ನುತ್ತೇವೆ. ಸಂಖ್ಯಾಶಾಸ್ತ್ರದ ಪ್ರಕಾರ ಅದರ ಅರ್ಥ ಶೇಕಡಾ ೬.೬ಕ್ಕೂ ೧೩.೪ಕ್ಕೂ ನಡುವೆ ಎಂದು. ಮೂರೇ ಕಣಗಳಿದ್ದು ಶೇಕಡಾ ೧ ಎಂದು ಬರೆದರೆ, ನಿಜವಾದ ಪಾಲು ಶೇಕಡಾ ೦.೨ ಇರಬಹುದು, ಸುಮಾರು ೩ ಸಹ ಇರಬಹುದು. ಆದ ಕಾರಣ ವಿರಳವಾದ ಪರಾಗದ ಮೇಲೆ ಕಟ್ಟಿದ ಇತಿಹಾಸವನ್ನು ಓದುವಾಗ ಮೊದಲು ಕೇಳತಕ್ಕ ಪ್ರಶ್ನೆ, ಎಷ್ಟು ಶೇಕಡಾ ಎಂಬುದಲ್ಲ, ಎಷ್ಟು ಕಣ ಎಂಬುದು.

ಈ ಪ್ರಶ್ನೆ ಕ್ರಿ. ಪೂ. ೭೫೦೦ರ 'ಬೇಸಾಯ'ಕ್ಕೆ ನೇರವಾಗಿ ತಟ್ಟುತ್ತದೆ. ಹುಲ್ಲು, ಗೋಧಿ, ಬಾರ್ಲಿ, ರಾಗಿ, ಜೋಳ, ಬತ್ತ ಇವೆಲ್ಲ ಒಂದೇ ಕುಲದವು. ಅವುಗಳ ಪರಾಗವೆಲ್ಲ ಒಂದೇ ರಂಧ್ರವುಳ್ಳ ದುಂಡನೆಯ ಕಣ. ಗೋಧಿ ಬಾರ್ಲಿಗಳ ಕಣ ಸ್ವಲ್ಪ ದೊಡ್ಡದು. ಆದುದರಿಂದ ನಿರ್ದಿಷ್ಟ ಅಳತೆಗಿಂತ ದೊಡ್ಡದಾದ ಕಣವನ್ನು 'ಧಾನ್ಯಮಾದರಿ' ಎಂದು ಕರೆಯುವ ಪದ್ಧತಿ ಯೂರೋಪಿನಲ್ಲಿ ಬೆಳೆಯಿತು. ಅಲ್ಲಿ ಕೂಡ ಕೆಲವು ಕಾಡುಹುಲ್ಲುಗಳ ಕಣ ಈ ಅಳತೆಯನ್ನು ಮೀರುತ್ತದೆ. ಹುಲ್ಲಿನ ಜಾತಿಗಳು ಅಪಾರವಾಗಿರುವ ನಮ್ಮ ದೇಶದಲ್ಲಿ ಈ ಎಚ್ಚರಿಕೆ ಇಮ್ಮಡಿಯಾಗಬೇಕು. ಆ ಕಾಲದ ರಾಜಸ್ಥಾನದ ನೆಲದಲ್ಲಿ ಅದಕ್ಕೆ ಹೊಂದುವ ಕಾಳಾಗಲಿ, ಕುಡುಗೋಲಾಗಲಿ, ಹಳ್ಳಿಯ ಅವಶೇಷವಾಗಲಿ ದೊರಕದೆ ಇರುವಾಗ, ಸ್ಲೈಡಿನ ದೊಡ್ಡ ಕಣವೊಂದನ್ನೇ ರೈತನನ್ನಾಗಿ ಮಾಡುವುದು ಸಾಹಸವೆನ್ನಬೇಕು. ಇದ್ದಲಿನ ವಿಚಾರವೂ ಹಾಗೆಯೇ. ಬೆಂಕಿ ಸಿಡಿಲಿನಿಂದಲೂ ಹತ್ತುತ್ತದೆ. ಸಿಂಗ್ ಅವರು ಆಸ್ಟ್ರೇಲಿಯದ ಲೇಕ್ ಜಾರ್ಜ್ ಸರೋವರದಲ್ಲಿಯೂ ಸುಮಾರು ೧,೨೦,೦೦೦ ವರ್ಷಗಳ ಹಿಂದೆ ಇದ್ದಲು ಹೆಚ್ಚಿದ್ದನ್ನು ಕಂಡು, ಅದು ಮನುಷ್ಯನ ಆಗಮನದ ಗುರುತೆಂದು ಊಹಿಸಿದರು. ಆ ಪದರದ ಕಾಲವನ್ನೇ ಇತರರು ಅರ್ಧಕ್ಕೆ ಇಳಿಸಿದರು. ಎರಡು ಖಂಡಗಳಲ್ಲಿಯೂ ತರ್ಕದ ನಡೆ ಒಂದೇ ಆಗಿರುವುದು ಗಮನಾರ್ಹ. ಇದ್ದಲು ಹೆಚ್ಚಿದಾಗ, ಸಸ್ಯಗಳೂ ಬದಲಾದಾಗ, ಅಲ್ಲಿ ಮನುಷ್ಯನಿದ್ದಾನೆ ಎಂಬ ನಡೆ ಅದು. ಸಿಂಗ್ ಅವರ ಪರಿಶ್ರಮವನ್ನು ಕಡೆಗಣಿಸಿ ಈ ಮಾತು ಹೇಳುತ್ತಿಲ್ಲ. ಅವರಿಗಿಂತ ಮೊದಲು ಥಾರ್ ಮರುಭೂಮಿಗೆ ಸಸ್ಯಗಳ ಇತಿಹಾಸವೊಂದು ಉಂಟೆಂದು ಲೆಕ್ಕಸಹಿತ ತೋರಿಸಿದವರು ಯಾರೂ ಇರಲಿಲ್ಲ.

ಮಳೆಯ ಪ್ರಮಾಣವನ್ನು ಪರಾಗದಿಂದ ಓದುವಲ್ಲಿಯೂ ಒಂದು ತೊಡಕುಂಟು. ಯೂರೋಪಿನ ಕಾಡಿನ ಮುಖ್ಯ ಮರಗಳಾದ ಪೈನ್, ಬರ್ಚ್, ಓಕ್ ಮೊದಲಾದುವು ಗಾಳಿಗೆ ಪರಾಗ ತೂರುವಂಥವು. ಅವುಗಳ ಕಣ ನೂರಾರು ಮೈಲಿಗಳ ಕಾಡಿಗೆ ಪ್ರತಿನಿಧಿಯಾಗಬಲ್ಲದು. ನಮ್ಮ ಜಾಲಿಯ ಪರಾಗ ಗುಂಪುಗುಂಪಾಗಿ ಅಂಟಿಕೊಂಡ ಭಾರವಾದ ಉಂಡೆ. ಮರದ ಬುಡದಿಂದ ದೂರ ಹೋಗದು. ರಾಜಸ್ಥಾನದಲ್ಲಿ ಖೇಜಡಿ ಎಂದು ಕರೆಯುವ ನಮ್ಮ ಬನ್ನಿಮರ, ನೇರಳೆ ಮುಂತಾದುವಕ್ಕೆ ದುಂಬಿಗಳೇ ಗತಿ. ಆದುದರಿಂದ ನಾಡಿನ ಮರಗಳು ಸ್ಲೈಡಿನಲ್ಲಿ ತಮ್ಮ ಸಂಖ್ಯೆಗೆ ತಕ್ಕಂತೆ ಕಾಣಿಸುವುದಿಲ್ಲ. ಹುಲ್ಲು, ತುಂಗೆ, ಜೊಂಡು ಇವೇ ವಿಪುಲವಾಗಿ ಕಾಣಿಸುತ್ತವೆ. ಇವುಗಳಲ್ಲಿ ತುಂಗೆಯೂ ಜೊಂಡೂ ನೀರಂಚಿನಲ್ಲಿ ಬೆಳೆಯುವಂಥವು. ತುಂಗೆ ಹೆಚ್ಚಿದರೆ ಮಳೆ ಹೆಚ್ಚಿತೆನ್ನಬಹುದು. ಆಳವಾಗಿದ್ದ ಸರೋವರ ಹೂಳು ತುಂಬಿ ತೆಳುವಾಗಿ, ಅಂಚು ಜೌಗಾಗಿ, ಅಲ್ಲಿ ತುಂಗೆ ಹಬ್ಬಿತೆಂದೂ ಹೇಳಬಹುದು. ಮೊದಲನೆಯದು ನಾಡಿನ ಸಮಾಚಾರ. ಎರಡನೆಯದು ಆ ಒಂದು ಕೆರೆಯ ಸಮಾಚಾರ.

ಅಮೆರಿಕದ ಬ್ರೈಸನ್ ಮತ್ತು ಸ್ವೇನ್ ಅವರು ೧೯೮೧ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಂದಿನ ಪರಾಗಕ್ಕೂ ಇಂದಿನ ಮಳೆಗೂ ಇರುವ ಸಂಬಂಧವನ್ನು ಸಮೀಕರಣವಾಗಿ ಬರೆದು, ಅದರಲ್ಲಿ ಹಳೆಯ ಪರಾಗದ ಅಂಕಿಗಳನ್ನು ಹಾಕಿ, ಹಳೆಯ ಮಳೆಯ ಪ್ರಮಾಣವನ್ನು ಪಡೆದರು. ಮಿಲಿಮೀಟರುಗಳಲ್ಲಿ ಬಂದ ಉತ್ತರ ಓದುಗನನ್ನು ಬೇಗ ನಂಬಿಸುತ್ತದೆ. ಆದರೆ ಇಂದಿನ ರಾಜಸ್ಥಾನದ ಸಸ್ಯಗಳು ಮಳೆಯೊಂದಕ್ಕೇ ಅಧೀನವೆ? ಶತಮಾನಗಳಿಂದ ಮೇಕೆ, ಒಂಟೆ, ಕುರಿಗಳು ಮೇದ, ಸೌದೆಗಾಗಿ ಕಡಿದ ನೆಲ ಅದು. ಮೇಕೆಯ ಪ್ರಭಾವವನ್ನು ಮಳೆಯ ಲೆಕ್ಕಕ್ಕೆ ಬರೆದುಕೊಂಡ ಸಮೀಕರಣ ಹಿಂದಿನ ಕಾಲಕ್ಕೆ ಎಷ್ಟು ನ್ಯಾಯ ಸಲ್ಲಿಸೀತು?

ಈಗ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಇಂಗಾಲ-೧೪ರ ಕ್ರಮದಿಂದ ದೊರೆಯುವ ವರ್ಷ ಪಂಚಾಂಗದ ವರ್ಷವಲ್ಲ. ವಾತಾವರಣದಲ್ಲಿ ಆ ಇಂಗಾಲದ ಪ್ರಮಾಣ ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲವಾದುದರಿಂದ, ಮರಗಳ ವರ್ಷವಲಯಗಳೊಡನೆ ಹೋಲಿಸಿ ಅದನ್ನು ತಿದ್ದಬೇಕು. ೧೯೭೧ರಲ್ಲಿ ಈ ತಿದ್ದುಪಡಿ ನಮ್ಮಲ್ಲಿ ರೂಢಿಗೆ ಬಂದಿರಲಿಲ್ಲ. ಡಿ. ಪಿ. ಅಗ್ರವಾಲ್ ಅವರು ೧೯೬೪ರಲ್ಲಿ ಹರಪ್ಪ ಸಂಸ್ಕೃತಿಗೆ ಕೊಟ್ಟ ಕ್ರಿ. ಪೂ. ೨೩೦೦-೧೭೫೦ ಎಂಬ ಅವಧಿಯೂ ಸಿಂಗ್ ಅವರ ೧೮೦೦ ಎಂಬ ಗಡಿಯೂ ತಿದ್ದದ ವರ್ಷಗಳು. ಒಂದೇ ಕೊಳಗದಿಂದ ಅಳೆದದ್ದರಿಂದ ಅವೆರಡೂ ಒಂದಕ್ಕೊಂದು ಹೊಂದಿದುವು. ಮುಂದೆ ಪ್ರಾಕ್ತನಶಾಸ್ತ್ರಜ್ಞರು ತಮ್ಮ ಕಾಲಗಣನೆಯನ್ನು ತಿದ್ದಿ, ಪ್ರೌಢ ಹರಪ್ಪ ಯುಗಕ್ಕೆ ೨೬೦೦-೧೯೦೦ ಎಂಬ ಅವಧಿಯನ್ನು ಕೊಟ್ಟರು. ನಮ್ಮ ಪಠ್ಯಟಿಪ್ಪಣಿಗಳು ನಗರಗಳ ಕಾಲವನ್ನು ತಿದ್ದಿಕೊಂಡುವು, ಮಳೆಯ ಕಾಲವನ್ನು ಮಾತ್ರ ಹಾಗೆಯೇ ಬಿಟ್ಟುವು. ಕಾರಣವು ಕಾರ್ಯಕ್ಕಿಂತ ನೂರು ವರ್ಷ ತಡವಾಗಿ ಬಂದದ್ದು ಹೀಗೆ. ತಪ್ಪು ಸಿಂಗ್ ಅವರದ್ದಲ್ಲ, ಎರಡು ಕೊಳಗಗಳಿಂದ ಅಳೆದ ಕಾಳನ್ನು ಒಂದೇ ರಾಶಿಗೆ ಸುರಿದ ನಮ್ಮಂಥ ಅಧ್ಯಾಪಕರದು. ತಿದ್ದಿ ನೋಡಿದರೆ ಶುಷ್ಕತೆಯ ಆರಂಭ ಕೆಲವು ಶತಮಾನ ಹಿಂದಕ್ಕೆ ಸರಿದು ನಗರಗಳ ಅಂತ್ಯಕ್ಕೆ ಸಮೀಪವಾಗಿಯೇ ನಿಲ್ಲುತ್ತದೆ. ಆದರೆ ೩೦೦೦ ಎಂಬ ಮಳೆಗಾಲದ ಆರಂಭ ಐನೂರು ವರ್ಷಗಳಿಗೂ ಮೀರಿ ಹಿಂದಕ್ಕೆ ಹೋಗುತ್ತದೆ. 'ಮಳೆ ಬಂದಿತು, ನಗರಗಳು ಹುಟ್ಟಿದುವು' ಎಂಬ ವಾಕ್ಯದ ಎರಡು ಭಾಗಗಳ ನಡುವೆ ಒಂದು ಸಹಸ್ರಮಾನದಷ್ಟು ಬಿಡುವು ಬೀಳುತ್ತದೆ.

ಈ ಬಿಡುವನ್ನು ಬೇರೆ ಮಾರ್ಗದಿಂದ ಕಂಡವರು ಎನ್ಸೆಲ್ ಮತ್ತು ಸಂಗಡಿಗರು. ೧೯೯೯ರಲ್ಲಿ ಪ್ರಕಟವಾದ ಅವರ ಸಂಶೋಧನೆ ಅದೇ ಲೂಣಕರಣಸರ್ ಸರೋವರದ್ದು. ಅವರು ಪರಾಗಕ್ಕಿಂತ ಹೂಳಿನ ಪದರಗಳ ರಚನೆಯನ್ನೂ ಖನಿಜಗಳನ್ನೂ ನೆಚ್ಚಿದರು, ಇಂಗಾಲದ ಕಾಲನಿರ್ಣಯಗಳನ್ನು ಒತ್ತಾಗಿ ಮಾಡಿಸಿದರು. ಅವರ ಪ್ರಕಾರ ಸರೋವರ ತುಂಬಿದ್ದು ಇಂಗಾಲದ ಲೆಕ್ಕದಲ್ಲಿ ೬,೩೦೦ ವರ್ಷಗಳ ಹಿಂದೆ, ಪೂರ್ತಿಯಾಗಿ ಬತ್ತಿದ್ದು ೪,೮೦೦ ವರ್ಷಗಳ ಹಿಂದೆ. ಎಂದರೆ ಸಿಂಧೂ ನಗರಗಳು ಏಳಿಗೆಗೆ ಬಂದದ್ದು ಸರೋವರ ಬತ್ತಿ ಸುಮಾರು ಸಾವಿರ ವರ್ಷಗಳಾದ ಮೇಲೆ, ಶುಷ್ಕ ಕಾಲದಲ್ಲಿಯೇ. ಒಂದೇ ಕೆರೆಯ ಕೆಸರು ಒಬ್ಬರಿಗೆ ನಗರಗಳ ಕಾಲದಲ್ಲಿ ಸಮೃದ್ಧಿಯ ಮಳೆಯನ್ನೂ ಇನ್ನೊಬ್ಬರಿಗೆ ಒಣ ತಳವನ್ನೂ ತೋರಿಸಿತು.

ಈ ಲೇಖನ ಬಂದ ಮೇಲೆ ಹವಾಮಾನದ ವಾದವೇ ಬಿದ್ದುಹೋಯಿತೆಂದು ಬರೆದವರುಂಟು. ಇದನ್ನೂ ಒಪ್ಪಲಾಗದು. ಬತ್ತಿದ ಕೆರೆ ಮುಂದಿನ ಕಾಲದ ವಿಷಯದಲ್ಲಿ ಮೂಕಸಾಕ್ಷಿ. ಒಣಗಿದ ತಳದ ಮೇಲೆ ಹೊಸ ಹೂಳು ಕೂಡುವುದಿಲ್ಲ. ಕೂಡಿದ್ದನ್ನೂ ಗಾಳಿ ಎತ್ತಿಕೊಂಡು ಹೋಗುತ್ತದೆ. ಗಾಳಿ ಬಿಸಿಲುಗಳಿಗೆ ತೆರೆದಿಟ್ಟ ಪರಾಗವಂತೂ ಕೊಳೆತು ನಾಶವಾಗುತ್ತದೆ. ಹಾಗಿರುವಾಗ ಕ್ರಿ. ಪೂ. ೨೦೦೦ದ ಆಸುಪಾಸಿನಲ್ಲಿ ಮಳೆ ಇನ್ನಷ್ಟು ಕ್ಷೀಣಿಸಿತೆ, ಇಲ್ಲವೆ, ಎಂದು ಲೂಣಕರಣಸರವನ್ನು ಕೇಳುವುದು ಮೊದಲೇ ಖಾಲಿಯಾದ ಕೊಡವನ್ನು ಎಷ್ಟು ನೀರು ಕಡಮೆಯಾಯಿತೆಂದು ಕೇಳಿದಂತೆ. ಆ ಪ್ರಶ್ನೆಗೆ ಇನ್ನೊಂದು ಕೆರೆ ಬೇಕು. ೨೦೧೪ರಲ್ಲಿ ದೀಕ್ಷಿತ್, ಹೊಡೆಲ್, ಪೆಟ್ರಿ ಇವರು ಹರಿಯಾಣದ ಕೋಟ್ಲಾ ದಹರ್ ಎಂಬ ಹಳೆಯ ಸರೋವರದ ಬಸವನಹುಳುವಿನ ಚಿಪ್ಪುಗಳಲ್ಲಿನ ಆಮ್ಲಜನಕವನ್ನು ಪರೀಕ್ಷಿಸಿ, ಸುಮಾರು ೪,೧೦೦ ವರ್ಷಗಳ ಹಿಂದೆ ಮುಂಗಾರು ತಟ್ಟನೆ ದುರ್ಬಲವಾಯಿತೆಂದು ಹೇಳಿದರು. ಇದು ತಿದ್ದಿದ ವರ್ಷ. ಇದರಿಂದ ಸಿಂಗ್ ಅವರ ವಾದದ ಎರಡನೆಯ ಅರ್ಧ, ಎಂದರೆ ಅಂತ್ಯಕಾಲದ ಶುಷ್ಕತೆ, ಅವರದಲ್ಲದ ಆಧಾರದಿಂದ ಬಲಗೊಂಡಿದೆ. ಮೊದಲನೆಯ ಅರ್ಧ ಬಲಗೊಂಡಿಲ್ಲ.

ಆದರೂ ಕೆರೆಗೂ ನಗರಕ್ಕೂ ನಡುವೆ ದಾಟಬೇಕಾದ ದೂರ ಉಳಿದೇ ಇದೆ. ಲೂಣಕರಣಸರದಿಂದ ಕಾಲಿಬಂಗನ್ ನೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ. ಸಾಂಭರದಿಂದ ಮೊಹೆಂಜೊದಾರೊ ಆರುನೂರು ಕಿಲೋಮೀಟರಿಗೂ ಹೆಚ್ಚು. ಸಾಂಭರಕ್ಕೆ ನೀರು ಬರುವುದು ಸ್ಥಳೀಯ ಮಳೆಯಿಂದ. ಮೊಹೆಂಜೊದಾರೊವಿನ ಹೊಲಗಳಿಗೆ ನೀರು ಬಂದದ್ದು ಹಿಮಾಲಯದಿಂದ ಇಳಿದು ಬರುವ ಸಿಂಧೂನದಿಯ ನೆರೆಯಿಂದ. ಅಲ್ಲಿನ ಗೋಧಿ ಬಾರ್ಲಿಗಳು ಚಳಿಗಾಲದ ಬೆಳೆಗಳು. ಮುಂಗಾರು ಸೋತರೆ ಗುಜರಾತಿನ ಹಳ್ಳಿಗೂ ಸಿಂಧಿನ ನಗರಕ್ಕೂ ಒಂದೇ ಬಗೆಯ ಪೆಟ್ಟು ಬೀಳುವುದಿಲ್ಲ. ಸಿಂಗ್ ಅವರೇ ವಾಸನ್, ಅಗ್ರವಾಲ್ ಅವರೊಡನೆ ಡೀಡವಾಣಾದ ಹೂಳನ್ನು ಮತ್ತೆ ಪರೀಕ್ಷಿಸಿದ ಕೃತಿ ೧೯೯೦ರಲ್ಲಿ ಪ್ರಕಟವಾಯಿತು. ಅದರಲ್ಲಿ ಚಳಿಗಾಲದ ಮಳೆಯನ್ನೂ ಬೇಸಗೆಯ ಮುಂಗಾರನ್ನೂ ಬೇರೆಬೇರೆಯಾಗಿ ವಿವೇಚಿಸಿದ್ದಾರೆ. ತಮ್ಮ ವಾದವನ್ನು ತಾವೇ ಮತ್ತೆ ಕೈಗೆತ್ತಿಕೊಂಡ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಇತಿಹಾಸದ ಪಠ್ಯಗಳು ೧೯೭೧ರ ಲೇಖನವನ್ನು ಉಲ್ಲೇಖಿಸುವಷ್ಟು ಇದನ್ನು ಉಲ್ಲೇಖಿಸುವುದಿಲ್ಲ.

ನಮ್ಮ ನಾಡಿನಲ್ಲಿಯೂ ಈ ಬಗೆಯ ಕೆಲಸ ನಡೆದಿದೆ. ಅಮೆರಿಕದ ವಿದುಷಿ ಕ್ಯಾಥ್ಲೀನ್ ಮಾರಿಸನ್ ಅವರು ಹಂಪೆಯ ಸಮೀಪದ ಕಮಲಾಪುರದ ಕೆರೆಯ ಹೂಳಿನಲ್ಲಿ ಪರಾಗವನ್ನೂ ಇದ್ದಲಿನ ಚೂರುಗಳನ್ನೂ ಎಣಿಸಿದರು. ಕಳೆದ ೬೦೦ ವರ್ಷಗಳ ಬೆಂಕಿಯ ಇತಿಹಾಸವನ್ನು ಕುರಿತ ಅವರ ಲೇಖನ ೧೯೯೪ರಲ್ಲಿಯೂ, ವಿಜಯನಗರದ ವ್ಯವಸಾಯವನ್ನು ಕುರಿತ ಗ್ರಂಥ ೧೯೯೫ರಲ್ಲಿಯೂ ಪ್ರಕಟವಾದುವು. ಇದ್ದಲಿನ ಚೂರುಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ ಎಣಿಸಿದ್ದು ಅವರ ವೈಶಿಷ್ಟ್ಯ. ದೊಡ್ಡ ಚೂರು ಹತ್ತಿರದ ಬೆಂಕಿಯದು, ನುಣುಪಾದ ಪುಡಿ ದೂರದ್ದಾಗಿರಬಹುದು. ಸ್ಲೈಡು ಮಾಡುವಾಗಲೇ ದೊಡ್ಡ ಚೂರು ಒಡೆದು ನಾಲ್ಕಾಗುವ ಅಪಾಯವುಂಟಾದರೂ, ಬರೀ ಒಟ್ಟು ಸಂಖ್ಯೆಗಿಂತ ಈ ವಿಂಗಡಣೆ ಮೇಲು. ರಾಜಸ್ಥಾನದ ಕೆಲಸಕ್ಕೂ ಇದಕ್ಕೂ ಮುಖ್ಯವಾದ ವ್ಯತ್ಯಾಸವೆಂದರೆ ಇಲ್ಲಿ ಕೆಸರಿನ ಪಕ್ಕದಲ್ಲಿಯೇ ಶಾಸನಗಳಿವೆ, ಪೋರ್ಚುಗೀಸ್ ಪ್ರವಾಸಿಗಳ ಬರಹಗಳಿವೆ, ಕಾಲುವೆ ಕಟ್ಟೆಗಳು ಕಣ್ಣಮುಂದಿವೆ. ಮಾರಿಸನ್ ಅವರು ಈ ಮೂರನ್ನೂ ಒಟ್ಟಿಗೆ ಓದಿದ್ದಾರೆ. ಸ್ಲೈಡಿಗೆ ಎಲ್ಲವನ್ನೂ ಹೇಳುವ ಹೊಣೆಯನ್ನು ಹೊರಿಸಿಲ್ಲ. ಹೊರಿಸಿದ್ದರೂ ಅದು ಹೇಳಲಾರದು. ರಾಗಿಯನ್ನೂ ಜೋಳವನ್ನೂ ನವಣೆಯನ್ನೂ ಬೀಡಿನ ಹುಲ್ಲನ್ನೂ ಸಾಧಾರಣ ಸೂಕ್ಷ್ಮದರ್ಶಕ ಬೇರ್ಪಡಿಸಲಾರ ದಾದುದರಿಂದ, ಬಳ್ಳಾರಿ ಸೀಮೆಯ ಮಳೆಯಾಶ್ರಿತ ಬೇಸಾಯದ ವಿಷಯದಲ್ಲಿ ಪರಾಗ ಬಹುಮಟ್ಟಿಗೆ ಮೌನವಾಗಿದೆ. ಆ ಬೇಸಾಯವೇ ಬಡವರ ಬೇಸಾಯವಾಗಿತ್ತೆಂಬುದನ್ನು ಮರೆಯಬಾರದು. ಶಾಸನಗಳೂ ಹೆಚ್ಚಾಗಿ ಗದ್ದೆ ತೋಟಗಳನ್ನೇ ಹೇಳುತ್ತವೆ.

ಕಟ್ಟಿದ ಕೆರೆಯ ಹೂಳನ್ನು ನೈಸರ್ಗಿಕ ಸರೋವರದ ಹೂಳಿನಂತೆ ಭಾವಿಸುವುದಕ್ಕೂ ಆಗದು. ಕೆರೆಗೊಡಗೆ, ಬಿತ್ತುವಟ್ಟ ಎಂಬ ಶಬ್ದಗಳು ನಮ್ಮ ಶಾಸನಗಳಲ್ಲಿ ಪದೇಪದೇ ಬರುತ್ತವೆ. ಕೆರೆಯ ದುರಸ್ತಿಗೂ ಹೂಳೆತ್ತುವುದಕ್ಕೂ ಬಿಟ್ಟ ದತ್ತಿಗಳು ಅವು. ಬೇಸಗೆಯಲ್ಲಿ ಬತ್ತಿದ ಕೆರೆಯ ಗೋಡನ್ನು ಬಂಡಿಗಟ್ಟಲೆ ಹೊಲಕ್ಕೆ ಹೇರುವುದನ್ನು ನಮ್ಮ ಹಳ್ಳಿಗಳಲ್ಲಿ ಕಾಣದವರಿಲ್ಲ. ಹೀಗೆ ತೆಗೆದ ಹೂಳಿನೊಡನೆ ಎಷ್ಟು ವರ್ಷಗಳ ಪರಾಗ ಹೊಲಕ್ಕೆ ಹೋಯಿತೆಂಬುದು ಸ್ಲೈಡಿನಲ್ಲಿ ಕಾಣುವುದಿಲ್ಲ. ಎರಡು ಪದರಗಳ ನಡುವೆ ನೂರು ವರ್ಷ ಕಾಣೆಯಾಗಿದ್ದರೂ ನಕ್ಷೆಯಲ್ಲಿ ಅದು ಅರಣ್ಯದ ತಟ್ಟನೆಯ ನಾಶವೆಂದೇ ತೋರೀತು. ಇಲ್ಲಿ ಸಸ್ಯವಿಜ್ಞಾನಿಗೆ ನೆರವಾಗತಕ್ಕವನು ಇತಿಹಾಸಕಾರ. ಕೆರೆ ಕಟ್ಟಿದ ಕಾಲ, ಕಟ್ಟೆ ಒಡೆದ ಕಾಲ, ಹೂಳೆತ್ತಲು ದತ್ತಿ ಬಿಟ್ಟ ಕಾಲ ಇವನ್ನು ಅವನು ಒದಗಿಸಬಲ್ಲ. ಕರಾವಳಿಯಲ್ಲಿ ೧೯ನೆಯ ಶತಮಾನದಲ್ಲಿ ತಂದು ನೆಟ್ಟ ಗಾಳಿಮರದ ಪರಾಗ ಯಾವ ಪದರದಿಂದ ಮೇಲೆ ಕಾಣಿಸಿಕೊಳ್ಳುತ್ತದೆಂದು ನೋಡಿದರೆ, ಇಂಗಾಲದ ಲೆಕ್ಕಕ್ಕಿಂತ ನಿಖರವಾದ ಒಂದು ತಾರೀಖು ಆ ಹೂಳಿಗೆ ದೊರೆಯುತ್ತದೆ. ಆ ಮರವನ್ನು ನೆಟ್ಟ ವರ್ಷ ಅರಣ್ಯ ಇಲಾಖೆಯ ಹಳೆಯ ಕಡತಗಳಲ್ಲಿ ಸಿಗತಕ್ಕದ್ದು, ಸ್ಲೈಡಿನಲ್ಲಲ್ಲ.

ನನ್ನ ಟಿಪ್ಪಣಿಯ ಆ ಪುಟವನ್ನು ಈಗ ಬದಲಿಸಿದ್ದೇನೆ. ೧೮೦೦ ಎಂಬ ಅಂಕಿಯನ್ನು ತೆಗೆದು, ಅದರ ಸ್ಥಳದಲ್ಲಿ ಲೂಣಕರಣಸರ್ ಮತ್ತು ಕೋಟ್ಲಾ ದಹರ್ ಎರಡರ ವರ್ಷಗಳನ್ನೂ, ಯಾವುದು ತಿದ್ದಿದ ವರ್ಷ, ಯಾವುದು ತಿದ್ದದ ವರ್ಷ ಎಂಬ ಗುರುತಿನೊಡನೆ ಬರೆದಿದ್ದೇನೆ. ಪುಟ ಮೊದಲಿಗಿಂತ ಉದ್ದವಾಗಿದೆ. ಪರೀಕ್ಷೆಯಲ್ಲಿ ಇದನ್ನೆಲ್ಲ ಬರೆದರೆ ಅಂಕ ಸಿಗುವುದೆ ಎಂದು ಈ ವರ್ಷದ ವಿದ್ಯಾರ್ಥಿಗಳು ಕೇಳುತ್ತಿದ್ದಾರೆ.